ಸರಾಸರಿಯ ಮರೆಯಲ್ಲಿ ಎರಡು ಏಟು

ತಮಿಳುನಾಡಿನ ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನು ಕುರಿತು ಯುನೆಸ್ಕೊ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಸುಮಾರು ಶೇ 60ರಷ್ಟು ಮಂದಿ ಶಾಲಾ ದಿನಗಳಲ್ಲಿ ದೈಹಿಕ ಕಿರುಕುಳ ಅನುಭವಿಸಿದ್ದರು. ಕರ್ನಾಟಕದ ಸ್ಥಿತಿ ಬಹಳ ಭಿನ್ನವಾಗಿರಲಾರದು. ಆದರೆ ಸರಾಸರಿ ಎಂಬುದು ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಬಲ್ಲೆ. ಈ ಏಟು ಎಲ್ಲ ಜಾತಿಯ ಮಕ್ಕಳ ಮೇಲೂ ಒಂದೇ ಭಾರದಿಂದ ಬೀಳುತ್ತದೆಯೇ?

ವಿಜಯಪುರ ಜಿಲ್ಲೆಯ ಮುಳವಾಡದಂಥ ಊರನ್ನು ಗಮನಿಸಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯದು. ಅಂಥ ಊರಿನ ಶಾಲೆಯಲ್ಲಿ, ನಡೆನುಡಿ ಹೆಣ್ಣಿನಂತಿದೆ ಎಂದು ಹೀಯಾಳಿಸಿಕೊಳ್ಳುವ ಇಬ್ಬರು ಹುಡುಗರಿದ್ದಾರೆ ಎಂದಿಟ್ಟುಕೊಳ್ಳೋಣ. ಜಮೀನುದಾರರ ಮಗನಿಗೆ ನೋವಿಲ್ಲವೆಂದಲ್ಲ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಅವನಿಗೆ ಗೃಹಬಂಧನ, ಬಲವಂತದ ಮದುವೆ ಕಾದಿರಬಹುದು. ಆದರೆ ಪಟ್ಟಣದ ಹಾಸ್ಟೆಲಿನ ದಾರಿಯೂ ಅವನಿಗೆ ತೆರೆದಿರುತ್ತದೆ. ದಲಿತ ಕೇರಿಯ ಹುಡುಗನಿಗೆ ಅದೇ ಬೈಗುಳದ ಜೊತೆಗೆ ಜಾತಿಯ ಹೆಸರೂ ಸೇರುತ್ತದೆ. ದೂರು ಕೊಡಬೇಕಾದ ಬಾಗಿಲುಗಳು ಅವನ ತಂದೆಗೇ ಎಂದೂ ಸಲೀಸಾಗಿ ತೆರೆದಿಲ್ಲ. ಶಾಲೆ ಬಿಟ್ಟರೆ ಕೂಲಿಯೇ ಗತಿ.

ಅಮೆರಿಕದಲ್ಲಿ ಜನಾಂಗೀಯ ಭೇದ ಕಡಿಮೆಯೇನಿಲ್ಲ. ಆದರೆ ಅಲ್ಲಿ ಲೆಕ್ಕವಿದೆ. 2015ರಿಂದ ಅಲ್ಲಿನ ಸರ್ಕಾರದ ಪ್ರೌಢಶಾಲಾ ಸಮೀಕ್ಷೆ ಲೈಂಗಿಕ ಗುರುತನ್ನು ರಾಷ್ಟ್ರಮಟ್ಟದಲ್ಲಿ ಕೇಳತೊಡಗಿತು. ಜನಾಂಗ ಮತ್ತು ಲೈಂಗಿಕತೆ ಎರಡರ ಕಾರಣಕ್ಕೂ ಹಿಂಸೆಗೊಳಗಾದ ವಿದ್ಯಾರ್ಥಿಗಳ ಮನಃಸ್ಥಿತಿಯೇ ಅತ್ಯಂತ ಶೋಚನೀಯ ಎಂದು ಗ್ಲ್ಸೆನ್ ಸಂಸ್ಥೆಯ 2020ರ ವರದಿಗಳು ದಾಖಲಿಸಿದವು.

ನಮ್ಮಲ್ಲಿ 2011ರ ಜನಗಣತಿ ಗಂಡು, ಹೆಣ್ಣು ಎರಡೂ ಅಲ್ಲದ 'ಇತರೆ' ಲಿಂಗದಡಿ 4,87,803 ಮಂದಿಯನ್ನು ಗುರುತಿಸಿತು. ಅವರಲ್ಲಿ 78,811 ಮಂದಿ ಪರಿಶಿಷ್ಟ ಜಾತಿಯವರು. 2021ರಲ್ಲಿ ಕರ್ನಾಟಕ ಸರ್ಕಾರವು ನೇಮಕಾತಿಯಲ್ಲಿ ತೃತೀಯಲಿಂಗಿಗಳಿಗೆ ಶೇ 1ರ ಮೀಸಲಾತಿ ನೀಡಿದಾಗ, ಅದನ್ನು ಸಾಮಾನ್ಯ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳೆಲ್ಲದರೊಳಗೂ ಅನ್ವಯಿಸಿತು. ಒಬ್ಬ ವ್ಯಕ್ತಿ ಏಕಕಾಲಕ್ಕೆ ದಲಿತರೂ ತೃತೀಯಲಿಂಗಿಯೂ ಆಗಿರಬಹುದೆಂದು ಸರ್ಕಾರವೇ ಒಪ್ಪಿದಂತಾಯಿತು. ಆದರೆ ಆ ನೌಕರಿಗೆ ಅರ್ಜಿ ಹಾಕಲು ಬೇಕಾದ ಅಂಕಪಟ್ಟಿ ಕೈಗೆ ಬರುವ ಮೊದಲೇ ಶಾಲೆ ತೊರೆಯುವ ಮಗುವಿಗೆ ಇದರಿಂದ ದೊರೆಯುವುದೇನು?

ಶಾಲೆಯಲ್ಲಿ ಹೆಸರು ಬರೆದಿಡುವ ದಾಖಲೆ ಪುಸ್ತಕ ಇದಕ್ಕೆ ಪರಿಹಾರವಲ್ಲ. ಸಣ್ಣ ಊರಿನಲ್ಲಿ ಅಂಥ ಪುಸ್ತಕವೇ ಮಗುವಿಗೆ ಶತ್ರುವಾದೀತು. ಬೇಕಿರುವುದು ಹೆಸರು, ಊರು ಕೇಳದ ಮಾದರಿ ಸಮೀಕ್ಷೆ. ಜಾತಿಯನ್ನೂ ಕಿರುಕುಳದ ಸ್ವರೂಪವನ್ನೂ ಒಟ್ಟಿಗೆ ಕೇಳುವ, ಜಿಲ್ಲಾ ಮಟ್ಟದಲ್ಲಷ್ಟೇ ಪ್ರಕಟವಾಗುವ ಅಂಕಿಅಂಶ. ಜೊತೆಗೆ, 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳನ್ನೂ ರಕ್ಷಿಸುತ್ತದೆ, ಜಾತಿನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ ಎಂಬ ಎರಡು ಮಾತುಗಳನ್ನು ಪ್ರತಿ ಮುಖ್ಯೋಪಾಧ್ಯಾಯರಿಗೂ ಮನದಟ್ಟು ಮಾಡಿಸಬೇಕು.

ಮುಳವಾಡ ಏತ ನೀರಾವರಿ ಯೋಜನೆಯಿಂದ ಎಷ್ಟು ಎಕರೆಗೆ ನೀರು ಎಂಬ ಲೆಕ್ಕ ಸರ್ಕಾರಕ್ಕೆ ಗೊತ್ತಿದೆ. ಅದೇ ನೆಲದಲ್ಲಿ ಎಷ್ಟು ಮಕ್ಕಳು ಯಾವ ಕಾರಣಕ್ಕೆ ಶಾಲೆ ತೊರೆದರು ಎಂಬ ಲೆಕ್ಕವೂ ಆಡಳಿತದ ಕರ್ತವ್ಯವೇ.