ಜವಳಿಯ ಸುಂಕವೂ ಮೂಲಪತ್ರವೂ

ಬಾಂಗ್ಲಾದೇಶದಲ್ಲಿ ತಯಾರಾದ ಸಿದ್ಧ ಉಡುಪುಗಳಿಗೆ ದಕ್ಷಿಣ ಏಷ್ಯಾ ವ್ಯಾಪಾರ ಒಪ್ಪಂದದ ಮೇರೆಗೆ ಭಾರತ ಸರ್ಕಾರದವರು 2011ರಲ್ಲಿ ಸುಂಕದ ವಿನಾಯಿತಿಯನ್ನು ಕೊಟ್ಟರು. ನೆರೆಯ ರಾಷ್ಟ್ರಕ್ಕೆ ಸಲ್ಲಿಸಿದ ಈ ಉಪಕಾರವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅದು ಆ ದೇಶದವರ ದುಡಿಮೆಗೆ ಸಲ್ಲತಕ್ಕದ್ದೇ ಹೊರತು, ಮೂರನೆಯ ದೇಶದ ಸರಕು ಅಲ್ಲಿ ಹೆಸರು ಬದಲಿಸಿಕೊಂಡು ಬರುವುದಕ್ಕಲ್ಲ. ಆದಕಾರಣವೇ, ಸರಕಿನ ಬೆಲೆಯಲ್ಲಿ ಕನಿಷ್ಠ ಶೇಕಡಾ 30 ಪಾಲು ಅಲ್ಲಿಯದೇ ಆಗಿರಬೇಕೆಂಬ ನಿಬಂಧನೆಯನ್ನು ಒಪ್ಪಂದದಲ್ಲಿಟ್ಟರು.

ಹಿಂದೆ ಮೂಲದೇಶದ ಪ್ರಮಾಣಪತ್ರವೊಂದಿದ್ದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳಂತೆ, ಸರಕು ಹೇಗೆ ತಯಾರಾಯಿತು, ಮೂಲಸಾಮಗ್ರಿ ಎಲ್ಲಿಯದು ಎಂಬ ವಿವರಗಳನ್ನೂ ಆಮದುಗಾರನು ಗೊತ್ತಾದ ನಮೂನೆಯಲ್ಲಿ ಇಟ್ಟುಕೊಂಡಿರಬೇಕು. ಐದು ವರ್ಷ ಜೋಪಾನ ಮಾಡಬೇಕು. ಅಧಿಕಾರಿಗಳು ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಒದಗಿಸಬೇಕು. ಪ್ರಮಾಣಪತ್ರ ಕೈಲಿದ್ದ ಮಾತ್ರಕ್ಕೆ ಹೊಣೆ ತಪ್ಪದು.

ಇದು ನ್ಯಾಯವೇ ಸರಿ. ರಿಯಾಯಿತಿಯನ್ನು ಬೇಡುವವನೇ ಅರ್ಹತೆಯನ್ನು ತೋರಿಸತಕ್ಕದ್ದು. ಆದರೆ ಢಾಕಾದ ಕಾರ್ಖಾನೆಯವನು ತನ್ನ ಖರ್ಚುವೆಚ್ಚದ ಗುಟ್ಟನ್ನು ನಮ್ಮ ಸಣ್ಣ ವರ್ತಕನಿಗೆ ಬಿಟ್ಟುಕೊಡುವನೇ? ದೊಡ್ಡ ಕಂಪೆನಿಯವರು ವಕೀಲರನ್ನಿಟ್ಟು ಪಾರಾಗುವರು. ಸಣ್ಣವನ ಪಾಡು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಇದಕ್ಕೆ ಪರಿಹಾರವು ಕಾನೂನಿನಲ್ಲಿಯೇ ಇದೆ. ಸಂಶಯ ಬಂದಲ್ಲಿ ಅಧಿಕಾರಿಗಳು ಪ್ರಮಾಣಪತ್ರವಿತ್ತ ಸಂಸ್ಥೆಯವರನ್ನೇ ವಿಚಾರಿಸಬಹುದು. ಉತ್ತರ ಬರುವವರೆಗೆ ಜಾಮೀನು ಪಡೆದು ಸರಕನ್ನು ಬಿಡಬಹುದು. ಪ್ರಾಮಾಣಿಕರ ವಿಷಯದಲ್ಲಿ ಈ ಅಧಿಕಾರವನ್ನು ಧಾರಾಳವಾಗಿ ಚಲಾಯಿಸಬೇಕೆಂದೂ, ಸುಳ್ಳು ಕಾಗದ ತಂದವರನ್ನು ನಿರ್ದಾಕ್ಷಿಣ್ಯವಾಗಿ ಶಿಕ್ಷಿಸಬೇಕೆಂದೂ ನಮ್ಮ ಅಭಿಪ್ರಾಯ. ನಮ್ಮ ನೇಕಾರನನ್ನು ಕಾಯಲು ಹಾಕಿದ ಬೇಲಿಯು ನೇರ್ಪಿನಿಂದ ನಡೆಯುವ ವರ್ತಕನ ಕಾಲಿಗೆ ಮುಳ್ಳಾಗಬಾರದು.