ತಂಪು ಸೋರಿದ್ದು ಎಲ್ಲಿ?

ಬೇಸಿಗೆ ಕಾಲಿಡುವ ಮುನ್ನವೇ ನಮ್ಮ ಊರಿನ ಗ್ಯಾರೇಜುಗಳ ಮುಂದೆ ಹಳೆಯ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಒಡೆಯರ ಅಹವಾಲು ಒಂದೇ: "ಏಸಿ ತಣ್ಣಗೆ ಬರುತ್ತಿಲ್ಲ, ಸ್ವಲ್ಪ ಗ್ಯಾಸ್ ಹಾಕಿಕೊಡಿ." ದೀಪಕ್ಕೆ ಎಣ್ಣೆ ಹೊಯ್ದಂತೆ ಹವಾನಿಯಂತ್ರಣಕ್ಕೂ ವರ್ಷಕ್ಕೊಮ್ಮೆ ಗ್ಯಾಸ್ ಉಣಿಸಬೇಕೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ನಂಬಿಕೆಯಿಂದಲೇ ಸಂಸಾರ ಸಾಗಿಸುವವರೂ ಕೆಲವರಿದ್ದಾರೆ ಎಂಬುದು ಬೇರೆಯ ಮಾತು.

ವಸ್ತುಸ್ಥಿತಿ ಹಾಗಿಲ್ಲ. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ಪದಾರ್ಥವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವಂಥದು. ಕಂಪ್ರೆಸರ್ ಅದನ್ನು ಅದುಮಿ ಬಿಸಿಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ದ್ರವವಾಗುತ್ತದೆ. ಆ ದ್ರವ ಕಿರಿದಾದ ವಾಲ್ವೊಂದರಿಂದ ನುಸುಳಿದೊಡನೆ ಒತ್ತಡ ಕುಸಿದು, ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ನಮ್ಮ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಆವಿಯಾಗುವಿಕೆಯ ಈ ಗುಣದಿಂದಲೇ. ರಬ್ಬರು ಕೊಳವೆಗಳಿಂದ ವರ್ಷಾನುಗಟ್ಟಲೆಯಲ್ಲಿ ಅಲ್ಪಸ್ವಲ್ಪ ಗ್ಯಾಸ್ ಜಿನುಗುವುದುಂಟು. ಆದರೆ ಒಂದೇ ಬೇಸಿಗೆಯಲ್ಲಿ ತಂಪು ಮಾಯವಾಯಿತೆಂದರೆ, ಅಲ್ಲಿ ತೂತಿದೆ ಎಂದೇ ತಿಳಿಯಬೇಕು.

ನನ್ನ ಸೋದರಮಾವನವರ ಬಳಿ 1992ರ ಕಾಂಟೆಸ್ಸಾ ಕಾರೊಂದಿದೆ. ಹಿಂದೂಸ್ತಾನ್ ಮೋಟರ್ಸ್ ಕಂಪನಿ 2002ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಮಾವನವರು ಅದನ್ನು ಒರೆಸುವುದನ್ನು ಇನ್ನೂ ನಿಲ್ಲಿಸಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಅತ್ತೆಗೆ ಸೆಕೆ ತಡೆಯದು. ಮಗಳ ಮನೆಯಿರುವುದು ರಾಯಚೂರಿನಲ್ಲಿ. ಮೊಮ್ಮಗನ ಉಪನಯನ ಮೇ ತಿಂಗಳಲ್ಲಿ. ಮೂರು ಬೇಸಿಗೆ ಒಂದೇ ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿದರೂ ಎರಡು ತಿಂಗಳಿಗೆ ಬಿಸಿಗಾಳಿಯೇ ಗತಿಯಾಗಿತ್ತು. ಕಾರನ್ನು ಮಾರುವುದೊ, ಅತ್ತೆಯನ್ನು ಬಿಟ್ಟು ಹೋಗುವುದೊ ಎಂಬಲ್ಲಿಗೆ ಮಾತು ಬಂದಾಗ, ಜೆ.ಸಿ. ರಸ್ತೆಯ ಪಕ್ಕದ ಓಣಿಯೊಂದರ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು.

ಅವರು ಬಾನೆಟ್ ಎತ್ತಿ, ಕಂಪ್ರೆಸರಿನ ಗುರುಗುಟ್ಟುವಿಕೆಗೆ ಕಿವಿಗೊಟ್ಟರು. ಕೊಳವೆಯ ಕೀಲೊಂದನ್ನು ಬೆರಳಿನಿಂದ ಸವರಿ ಕಪ್ಪು ಜಿಡ್ಡನ್ನು ತೋರಿಸಿದರು. "ಗ್ಯಾಸು ಹೋದ ದಾರೀಲಿ ಎಣ್ಣೆ ಗುರುತು ಬಿಟ್ಟಿರತ್ತೆ, ಯಜಮಾನ್ರೆ. ಇದು ಹಳೇ ಗ್ಯಾಸಿನ ಗಾಡಿ. ಹಳೇ ಎಣ್ಣೆ ಮೇಲೇನೇ ಹೊಸಾ ಗ್ಯಾಸು ಬಿಟ್ಟಿದಾರೆ. ಇನ್ನೊಂದು ಸಲ ಹಾಕಿಸಿದ್ರೆ ಕಂಪ್ರೆಸರ್ ಜಾಮ್ ಆಗ್ತಿತ್ತು."

ಹಳೆಯ ಗ್ಯಾಸ್ ಎಂದರೆ ಆರ್-12. ಅದರ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಥಾಮಸ್ ಮಿಡ್ಗ್ಲಿ ಎಂಬ ವಿಜ್ಞಾನಿ 1930ರಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಈ ಅನಿಲವನ್ನು ಎದೆತುಂಬ ಸೇದಿ, ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ: ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ! ಮೂಗಿಗೆ ನಿರುಪದ್ರವಿಯಾದ ಈ ಸಾಧುಪ್ರಾಣಿ ಆಕಾಶದಲ್ಲಿ ಮಾಡುವ ಕೇಡು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅವರ ಸಂಶೋಧನೆಯಿಂದ ತಿಳಿದುಬಂತು. ಅದರಲ್ಲಿರುವ ಕ್ಲೋರಿನ್, ಸೂರ್ಯನ ಉಗ್ರ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ತಿನ್ನುತ್ತದೆ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಮಾವನವರ ಕಾರು ತಯಾರಾದ 1992ರಲ್ಲಿಯೇ ಭಾರತವೂ ಅದಕ್ಕೆ ಸೇರಿತು. ಆ ಗ್ಯಾಸ್ ವಾತಾವರಣದಲ್ಲಿ ಸುಮಾರು ನೂರು ವರ್ಷ ಬಾಳುತ್ತದೆಯಾದ್ದರಿಂದ, ಅಂದು ಸೋರಿದ್ದು ಇಂದಿಗೂ ನಮ್ಮ ನೆತ್ತಿಯ ಮೇಲಿದೆ.

ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿನ ತಂಟೆಗೆ ಹೋಗುವುದಿಲ್ಲ. ಆದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಾಲಿಗೂ ಮಿಕ್ಕಿದ್ದು; ಸೋರಲಿ ಬಿಡು ಎನ್ನುವಂತಿಲ್ಲ. ಇನ್ನೊಂದು ತೊಡಕು, ಹಳೆಯ ಖನಿಜ ಎಣ್ಣೆಯೊಡನೆ ಇದು ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಎಲ್ಲೋ ಮೂಲೆಯಲ್ಲಿ ಕುಳಿತರೆ ಕಂಪ್ರೆಸರ್ ಒಣಗಿ ಸಾಯುತ್ತದೆ. ಮೂರು ಬೇಸಿಗೆ ನಡೆದಿದ್ದ ಉಪಚಾರ ಇದೇ.

ಮೇಸ್ತ್ರಿಗಳು ಇಡೀ ವ್ಯವಸ್ಥೆಯನ್ನು ಬಿಚ್ಚಿದರು. ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕೂಲಿಂಗ್ ಕಾಯಿಲನ್ನು ತೊಳೆದರು. ಕಂಪ್ರೆಸರಿನ ಎಣ್ಣೆಯನ್ನು ಬಸಿದು, ಸೀಲು ಬದಲಿಸಿ, ಎಸ್ಟರ್ ಎಣ್ಣೆಯನ್ನು ಹಾಕಿದರು. ಕೀಲುಗಳ ರಬ್ಬರು ಉಂಗುರಗಳು, ತೇವ ಹೀರುವ ಡ್ರೈಯರ್, ವಾಲ್ವು ಎಲ್ಲವೂ ಹೊಸವು. ಕಾದ ದಿನಗಳಲ್ಲಿ ಹೊಸ ಗ್ಯಾಸಿಗೆ ಒತ್ತಡ ಹೆಚ್ಚು. ಆದಕಾರಣ ಕಂಡೆನ್ಸರನ್ನೂ ದೊಡ್ಡದಾಗಿ ಕೂಡಿಸಿದರು. ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದೇ ಎಂದು ಪ್ರತಿಯೊಂದು ಕೀಲನ್ನೂ ನೋಡಿದರು.

ಅನಂತರದ್ದು ಅವಸರದ ಗ್ಯಾರೇಜುಗಳು ಹಾರಿಸಿಬಿಡುವ ಕೆಲಸ. ಪಂಪಿನಿಂದ ಮುಕ್ಕಾಲು ಗಂಟೆ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದರು. ಪ್ರೆಷರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿಯನ್ನು ಮೀರಿ ಕುದಿಯುತ್ತದೆಯಷ್ಟೆ. ಇಲ್ಲಿ ಅದಕ್ಕೆ ವಿಪರೀತ. ಒತ್ತಡವೇ ಇಲ್ಲದ ಕಡೆ ಕೋಣೆಯ ಶಾಖಕ್ಕೇ ನೀರು ಕುದಿದು ಆವಿಯಾಗಿ ಹೊರಬೀಳುತ್ತದೆ. ತೇವ ಉಳಿದರೆ ವಾಲ್ವಿನ ಬಾಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಪಂಪು ನಿಲ್ಲಿಸಿ ಅರ್ಧ ಗಂಟೆ ಮುಳ್ಳನ್ನೇ ನೋಡುತ್ತ ಕುಳಿತೆವು. ಅದು ಕದಲಲಿಲ್ಲ. ಆಮೇಲೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ಹಿಂದಿನ ಅಳತೆಯ ಹತ್ತರಲ್ಲಿ ಎಂಟೂವರೆ ಪಾಲು ಮಾತ್ರ ತುಂಬಿದರು.

"ಇನ್ನೇನು ಮಾಡಬೇಕು?" ಎಂದು ಮಾವನವರು ಕೇಳಿದರು.

"ಚಳಿಗಾಲದಲ್ಲೂ ವಾರಕ್ಕೊಂದು ಸಲ ಹತ್ತು ನಿಮಿಷ ಏಸಿ ಓಡಿಸಿ. ಎಣ್ಣೆ ತಾಕದೆ ಇದ್ರೆ ಸೀಲು ಒಣಗತ್ತೆ. ಆಮೇಲೆ, ಯಾವ ಗ್ಯಾಸು, ಯಾವ ಎಣ್ಣೆ ಅಂತ ಬಾನೆಟ್ ಕೆಳಗೆ ಬರೆದು ಅಂಟಿಸಿ. ಮುಂದೆ ಯಾರು ಮುಟ್ತಾರೋ ಅವರಿಗೆ ಗೊತ್ತಾಗಬೇಕು."

ಮಾವನವರು ಚೀಟಿಯೊಂದರಲ್ಲಿ ಗ್ಯಾಸಿನ ಹೆಸರು, ತೂಕ, ಎಣ್ಣೆಯ ಜಾತಿ, ತಾರೀಖು ಇವನ್ನು ದುಂಡಾದ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ. ಸಿಂಧನೂರನ್ನು ದಾಟುವಾಗ ಅತ್ತೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡು, ತಂಪನ್ನು ಸ್ವಲ್ಪ ತಗ್ಗಿಸಲು ಹೇಳಿದರಂತೆ.