ಜೋಗದ ನೀರು, ಬಸದಿಯ ದೀಪ

ಕೊಡ್ಲಿಪೇಟೆ, ಶನಿವಾರಸಂತೆಗಳ ಕಡೆಯಿಂದ ಶ್ರೀಕ್ಷೇತ್ರ ಹೊಂಬುಜಕ್ಕೆ ಯಾತ್ರೆ ಹೊರಟವರು ಪದ್ಮಾವತೀ ಅಮ್ಮನವರ ದರ್ಶನ ಮುಗಿಸಿ ಜೋಗದತ್ತ ತಿರುಗುವುದು ಸಹಜ. ಬೇಸಗೆಯಲ್ಲಿ ಹೋದವರಿಗೆ 253 ಮೀಟರ್ ಆಳದ ಆ ಕಮರಿಯಲ್ಲಿ ಕಾಣುವುದು ಬಹುಮಟ್ಟಿಗೆ ಒಣಗಿದ ಬಂಡೆ. ಆಗ ಕೇಳಿಬರುವ ಮಾತು ಒಂದೇ: ವಿದ್ಯುತ್ತಿನ ಆಸೆಗೆ ಸರಕಾರ ಜಲಪಾತವನ್ನು ಕೊಂದಿತು.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯವು ಸುಮಾರು 151 ಟಿ.ಎಂ.ಸಿ. ನೀರನ್ನು ಹಿಡಿದಿಡುತ್ತದೆ. ಆ ನೀರಿನ ಬಹುಪಾಲು ತಳಕಳಲೆಯ ಮೂಲಕ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ; ಜಲಪಾತ ಮೈದುಂಬುವುದು ಮಳೆಗಾಲದಲ್ಲಿ, ಜಲಾಶಯ ತುಂಬಿ ಹರಿದಾಗ. ಅತ್ತ ಹೊನ್ನೆಮರಡುವಿನ ಹಿನ್ನೀರಿನಲ್ಲಿ ದೋಣಿವಿಹಾರಕ್ಕೆ ಬರುವವರಿಗೆ ಜಲಾಶಯ ತುಂಬಿಯೇ ಇರಬೇಕು. ವಿದ್ಯುತ್ತಿಗೊಂದಿಷ್ಟು, ವಿಹಾರಕ್ಕೊಂದಿಷ್ಟು ಎಂದು ಹಂಚಿ ‘ಸಮತೋಲನ’ ಸಾಧಿಸಬೇಕೆನ್ನುವ ವಾದಕ್ಕೆ ಅನೇಕಾಂತದ ಹೆಸರನ್ನೂ ಅಂಟಿಸುವ ಜಾಣರಿದ್ದಾರೆ.

ಅನೇಕಾಂತವು ಪಾಲುಪಟ್ಟಿಯಲ್ಲ. ವಸ್ತುವನ್ನು ಎಲ್ಲ ನಯಗಳಿಂದಲೂ ನೋಡಬೇಕೆಂಬ ಆ ದರ್ಶನ, ಇಬ್ಬರು ಬೇಡಿದ್ದನ್ನು ಅರ್ಧರ್ಧ ಹಂಚಿಕೊಡಲು ಹೇಳಿಲ್ಲ. ಈ ವಾದದಲ್ಲಿ ಕೇಳಿಸದ ಪಕ್ಷಗಳನ್ನು ಮೊದಲು ಎಣಿಸಬೇಕು. ಮುಳುಗಡೆಯಾದ ಊರುಗಳ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಆರು ದಶಕ ಎಳೆಯಿತು. ಅವರಿಗೆ ಆ ನೀರು ನೋಟವೂ ಅಲ್ಲ, ಬೆಳಕೂ ಅಲ್ಲ. ನೀರಿನ ಮಟ್ಟ ದಿಢೀರನೆ ಇಳಿದರೆ ದಡದಂಚಿನಲ್ಲಿ ಮೊಟ್ಟೆಯಿಟ್ಟ ಮೀನಿನ ಸಂತತಿ ಒಣಗಿ ಸಾಯುತ್ತದೆ. ನೀರನ್ನೇ ಶರೀರವಾಗುಳ್ಳ ಅಪ್ಕಾಯಿಕ ಜೀವಗಳನ್ನು ನಂಬುವ ಸಮಾಜಕ್ಕೆ ಈ ಪಕ್ಷಗಳನ್ನು ಬಿಟ್ಟು ನಡೆಸುವ ತೂಗಾಟ ಹೇಗೆ ಸಮತೋಲನವಾದೀತು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾರೆ. ಅವುಗಳಲ್ಲೊಂದು ಪ್ರಮಾದಚರ್ಯೆ: ನಿಷ್ಪ್ರಯೋಜಕವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು. ಬಿದ್ದ ನೀರನ್ನು ಕೆಳಗೆ ತಡೆದು, ವಿದ್ಯುತ್ ಪಂಪುಗಳಿಂದ ಮೇಲೆತ್ತಿ, ಪ್ರವಾಸಿಗರಿಗಾಗಿ ಮತ್ತೆ ಬೀಳಿಸುವ ‘ಸರ್ವಋತು ಜೋಗ’ದ ಯೋಜನೆಯೊಂದು ಕಳೆದ ದಶಕದಲ್ಲಿ ಮುಂದೆ ಬಂದಿತ್ತು. ಪ್ರಮಾದಚರ್ಯೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠಶಾಲೆಯ ಪಂಡಿತರೂ ಹುಡುಕಲಾರರು. ಆಸ್ಪತ್ರೆಯ ಯಂತ್ರಕ್ಕೂ ರೈತನ ಪಂಪಿಗೂ ಹರಿಯುವ ವಿದ್ಯುತ್ತು ನೋಟದ ಸುಖಕ್ಕಿಂತ ಮೇಲಿನದು. ಅಲ್ಲಿಗೆ ಒಂದು ತೀರ್ಪು ಸಿಕ್ಕಿತು.

ಆದರೆ ಈ ತೀರ್ಪು ಕೇಳಿ ನೆಮ್ಮದಿಯಿಂದ ಮನೆಗೆ ಹೋಗಲು ಶ್ರಾವಕರಿಗೆ ಅಧಿಕಾರವಿಲ್ಲ. ಶರಾವತಿ ವಿದ್ಯುದಾಗಾರದಲ್ಲಿ ನೀರು ಸುಮಾರು 440 ಮೀಟರ್ ಕೆಳಕ್ಕೆ ಧುಮುಕುತ್ತದೆ. ಆ ಎತ್ತರದಿಂದ ಇಳಿಯುವ ಸಾವಿರ ಲೀಟರ್ ನೀರಿನಿಂದ ದೊರೆಯುವುದು ಹೆಚ್ಚುಕಡಮೆ ಒಂದು ಯೂನಿಟ್ ವಿದ್ಯುತ್ತು. ವಾರ್ಷಿಕೋತ್ಸವಕ್ಕೆ ಶಿಖರದಿಂದ ಮಹಾದ್ವಾರದವರೆಗೆ ಹತ್ತು ಕಿಲೋವ್ಯಾಟ್ ದೀಪಾಲಂಕಾರ ಮಾಡಿ ರಾತ್ರಿ ಹತ್ತು ಗಂಟೆ ಉರಿಸಿದರೆ ನೂರು ಯೂನಿಟ್. ಎಂದರೆ ಒಂದು ಲಕ್ಷ ಲೀಟರ್. ಐದು ರಾತ್ರಿಗೆ ಐದು ಲಕ್ಷ. ವಿದ್ಯುತ್ ಜಾಲದಲ್ಲಿ ಇದು ಶರಾವತಿಯದು, ಇದು ಕಲ್ಲಿದ್ದಲಿನದು ಎಂಬ ಗುರುತಿಲ್ಲ. ಕಲ್ಲಿದ್ದಲಿನದಾದರೆ ಹಿಂಸೆಯ ಲೆಕ್ಕ ಇನ್ನೂ ದೊಡ್ಡದು. ಕುಡಿಯುವ ಒಂದು ಕೊಡ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಮರಳಿ ಬಾವಿಗೇ ಬಿಡುವ ಮನೆತನದವರೇ ಆ ಅಲಂಕಾರಕ್ಕೆ ದೇಣಿಗೆ ಬರೆಯುತ್ತಾರೆ. ದೀಪಕ್ಕೆ ಬಂದು ಬೀಳುವ ಹುಳುಗಳಿಗೆ ಅಂಜಿ ರಾತ್ರಿಭೋಜನ ಬಿಟ್ಟವರು, ಬೆಳಗಿನ ಜಾವ ಗುಡಿಸುವವನ ಮೊರದಲ್ಲಿರುವುದನ್ನು ಒಮ್ಮೆ ನೋಡಬಾರದೇ?

ಕೊಡ್ಲಿಪೇಟೆಗೆ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ 1058ರಲ್ಲಿ ಅಲ್ಲಿ ಬಸದಿ ಕಟ್ಟಿಸಿದಳು. ಸಾಲುದೀಪದ ಬಲ್ಬುಗಳಿಲ್ಲದೆಯೇ ಅಲ್ಲಿ ಭಕ್ತಿ ನಡೆಯಿತು.

ಬಸದಿಗಳ ಆಡಳಿತ ಮಂಡಳಿಗಳು ಜೋಗದ ಬಗ್ಗೆ ಠರಾವು ಮಾಡುವ ಮೊದಲು ತಮ್ಮ ಆಯವ್ಯಯ ಪಟ್ಟಿಯನ್ನು ತೆರೆಯಲಿ. ದೀಪಾಲಂಕಾರದ ವೆಚ್ಚದ ಪಕ್ಕದಲ್ಲಿ ಯೂನಿಟ್ಟುಗಳನ್ನೂ ಅದರ ಪಕ್ಕದಲ್ಲಿ ಲೀಟರುಗಳನ್ನೂ ಬರೆದು, ಮುಂದಿನ ಮಹಾಸಭೆಯಲ್ಲಿ ದಾನಿಗಳ ಎದುರಿಗೇ ಓದಿಸಲಿ.